ಶೇಡಿಂಗ್ ಬೇಡ ಅಂದ್ರೆ ಎಷ್ಟು ಕಮ್ಮಿ ಆಗತ್ತೆ?

ವಾಟ್ಸಾಪಲ್ಲಿ ಮೊದ್ಲು ಒಂದು ಫೋಟೋ ಬರತ್ತೆ. ಮದುವೆದೋ, ಐನ್‌ಮನೆದೋ (ಕೊಡವ ಕುಟುಂಬದ ಹಿರಿಯರ ಮನೆ), ಇಲ್ಲಾ ತೀರ್ಕೊಂಡ ಅಜ್ಜಂದೋ. ಅದರ ಕೆಳಗೆ "ಇದನ್ನ ಡಿಜಿಟಲ್ ಆರ್ಟ್ ಮಾಡಿಕೊಡೋದಕ್ಕೆ ಎಷ್ಟಾಗತ್ತೆ?" ನಾನು ರೇಟ್ ಹೇಳ್ತೀನಿ. ನೀಲಿ ಟಿಕ್ ಬೀಳತ್ತೆ, ಆಮೇಲೆ ಸುಮಾರು ಹೊತ್ತು ಸದ್ದೇ ಇಲ್ಲ, ಇನ್ನೇನು ಗಿರಾಕಿ ಹೋದ್ರು ಅಂದ್ಕೊಳ್ಳೋ ಹೊತ್ತಿಗೆ "ಶೇಡಿಂಗ್ ಎಲ್ಲ ಬೇಡ, ಸಿಂಪಲ್ಲಾಗಿ ಮಾಡಿ, ಆವಾಗ ಎಷ್ಟು ಕಮ್ಮಿ ಆಗತ್ತೆ?" ಅಂತ ಬರತ್ತೆ. ಗೋಣಿಕೊಪ್ಪದವರೂ ಇದನ್ನೇ ಕೇಳಿದಾರೆ, ಬೆಂಗಳೂರಲ್ಲಿ ಕೂತು ಊರಿನ ಮನೆ ಬರೆಸೋಕೆ ಹೊರಟವರೂ ಇದನ್ನೇ ಕೇಳಿದಾರೆ. ಚೌಕಾಸಿ ಬಗ್ಗೆ ನಂಗೇನೂ ಬೇಜಾರಿಲ್ಲ, ಮಡಿಕೇರಿ ಶುಕ್ರವಾರದ ಸಂತೇಲಿ ನಾನೂ ಮಾಡ್ತೀನಿ. ಆದ್ರೆ ಈ ಪ್ರಶ್ನೆ ಮಾತ್ರ ತಲೇಲಿ ಕೂತ್ಬಿಟ್ಟಿದೆ. ನೆರಳು ತೆಗೆದ್ರೆ ನಿಜವಾಗ್ಲೂ ಎಷ್ಟು ಕಮ್ಮಿ ಆಗಬೇಕು?

ಗಿರಾಕಿಗಳು ಸುಮ್ನೆ ಕೇಳಲ್ಲ, ನಾವೇ ಕಲಿಸಿದ್ದು. ಇನ್‌ಸ್ಟಾಗ್ರಾಮಲ್ಲಿ ಚಿತ್ರ ಬರೆಯೋರ ಪೇಜ್ ತೆಗೆದು ನೋಡಿ, ಅರ್ಧಕ್ಕರ್ಧ ಜನ ಒಂದೇ ನಮೂನೆ ರೇಟ್ ಕಾರ್ಡ್ ಪಿನ್ ಮಾಡಿಟ್ಟಿರ್ತಾರೆ. ಸ್ಕೆಚ್‌ಗೆ ಇಷ್ಟು, ಲೈನ್ ಆರ್ಟ್‌ಗೆ (ಬರೀ ಗೆರೆ) ಇಷ್ಟು, ಫ್ಲಾಟ್ ಕಲರ್‌ಗೆ (ನೆರಳಿಲ್ಲದ ಬಣ್ಣ) ಇಷ್ಟು, ಫುಲ್ ಶೇಡಿಂಗ್‌ಗೆ ಎಲ್ಲಕ್ಕಿಂತ ಜಾಸ್ತಿ. ಈ ಕಾರ್ಡು ಹುಟ್ಟಿದ್ದು ಜಪಾನಿನ ಅನಿಮೆ ಕಾರ್ಟೂನ್ ಥರದ ಪಾತ್ರಗಳನ್ನ ಬರೆಸ್ಕೊಳ್ಳೋ ಜನರ ಮಧ್ಯೆ. ಅಲ್ಲಿ ಅದು ಸರಿಯಾಗಿಯೇ ಕೆಲಸ ಮಾಡತ್ತೆ, ಯಾಕಂದ್ರೆ ಪಾತ್ರ ಕಲ್ಪನೆದು, ಚಿತ್ರ ಹೋಗೋದು ಪ್ರೊಫೈಲ್ ಫೋಟೋಗೆ, ಬರೀ ಗೆರೇಲಿದ್ರೂ ಅದು ಪೂರ್ತಿ ಚಿತ್ರವೇ. ನಮ್ಮಲ್ಲಿ ಬರೆಸೋರಿಗೆ ಬೇಕಾಗಿರೋದು ಬೇರೆ. ಅಜ್ಜ ಅಜ್ಜನ ಥರಾನೇ ಕಾಣಬೇಕು, ಮನೆ ಅದೇ ಮನೆ ಅಂತ ಅನ್ನಿಸ್ಬೇಕು. ಆ ಗುರುತು ಇರೋದು ಎಷ್ಟೋ ಸಲ ನೆರಳಲ್ಲೇ. ಹುಬ್ಬಿನ ಕೆಳಗೆ ಕಣ್ಣು ಎಷ್ಟು ಒಳಗಿದೆ, ಕೆನ್ನೆ ಎಲ್ಲಿ ಇಳಿದಿದೆ, ಇದನ್ನೆಲ್ಲ ಗೆರೇಲಿ ಹೇಳೋಕೆ ಹೋದ್ರೆ ಮುಖಕ್ಕೆ ಹತ್ತು ವರ್ಷ ಹೆಚ್ಚಾಗತ್ತೆ. ಹಾಗಾಗಿ ಶೇಡಿಂಗ್ ಅನ್ನೋದನ್ನ ಕೊನೇಲಿ ಸೇರಿಸೋ ಎಕ್ಸ್‌ಟ್ರಾ ಐಟಂ ಥರ ಬೆಲೆಪಟ್ಟಿಲಿ ಇಡೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಒಪ್ಪದೇ ಇರೋರು ಇದ್ದಾರೆ, ಇರ್ಲಿ.

ಅಜ್ಜಿ ಮನೆ ಕೈಯಾಲೆ

ನಾಪೋಕ್ಲು ಕಡೆಯ ಒಂದು ಐನ್‌ಮನೆ. ಬರೆಸಿದವರು ಆ ಮನೆ ಮಗ, ಇರೋದು ಬೆಂಗಳೂರಲ್ಲಿ, ಅಮ್ಮನ ಹುಟ್ಟುಹಬ್ಬಕ್ಕೆ ಕೊಡೋಕೆ ಅಂತ. ಫೋನಲ್ಲಿ ತೆಗೆದ ನಾಲ್ಕೈದು ಫೋಟೋ ಕಳಿಸಿದ್ರು. ಎಲ್ಲದ್ರಲ್ಲೂ ಅಂಗಳ ಬೆಳ್ಳಗೆ, ಕೈಯಾಲೆ (ಮನೆ ಮುಂದಿನ ಜಗಲಿ) ಒಳಗೆ ಕಡುಗಪ್ಪು, ಗುಹೆ ಬಾಯಿ ಥರ. ಅದನ್ನೇ ನೋಡ್ಕೊಂಡು ಒಂದು ರಫ್ ಮಾಡಿ ಕಳಿಸಿದೆ. ಅವರು ಅದನ್ನ ಮನೇಲಿರೋ ಅಜ್ಜಿಗೆ ತೋರಿಸಿದ್ದಾರೆ. ಅಜ್ಜಿ ವಾಯ್ಸ್ ಮೆಸೇಜ್ ಬಂತು, "ಎಂಥದು ಇದು, ನಮ್ಮ ಕೈಯಾಲೆ ಇಷ್ಟು ಕತ್ತಲೆ ಇಲ್ಲ ಮಗ, ನಾನು ಅಲ್ಲೇ ಕೂತು ಅಕ್ಕಿ ಆರಿಸೋದು." ಮಳೆ ಸ್ವಲ್ಪ ಬಿಟ್ಟ ಒಂದು ದಿನ ಸ್ಕೂಟರ್ ತಗೊಂಡು ಹೋದೆ.

ಹೋಗಿ ನೋಡಿದ್ರೆ ಅಜ್ಜಿ ಹೇಳಿದ್ದೇ ಸರಿ. ಫೋನಿನ ಕ್ಯಾಮೆರಾ ಅಂಗಳದ ಬೆಳಕಿಗೆ ಅಳತೆ ಮಾಡ್ಕೊಂಡು ಉಳಿದಿದ್ದನ್ನೆಲ್ಲ ಮುಳುಗಿಸಿಬಿಟ್ಟಿತ್ತು, ಆದ್ರೆ ಅಲ್ಲಿ ನಿಂತ ಮನುಷ್ಯನ ಕಣ್ಣು ಒಂದು ಕ್ಷಣ ಅಂಗಳಕ್ಕೆ, ಇನ್ನೊಂದು ಕ್ಷಣ ಒಳಗೆ ಅಂತ ಹೊಂದಿಕೊಳ್ತಾ ಎರಡನ್ನೂ ನೋಡತ್ತೆ. ಅಂಗಳ ಒದ್ದೆಯಾಗಿತ್ತು. ಮೋಡದ ಬೆಳಕು ಆ ಒದ್ದೆ ನೆಲಕ್ಕೆ ಬಿದ್ದು ಕೆಳಗಿನಿಂದ ಮೇಲಕ್ಕೆ ಹೊಡೀತಾ ಇತ್ತು, ಕೈಯಾಲೆ ಮಾಡಿನ ಒಳಮೈಗೆ, ಮರದ ತೊಲೆಗಳ ತಳಕ್ಕೆ. ಅಂದ್ರೆ ಸಾಮಾನ್ಯವಾಗಿ ನಾವು ಕಪ್ಪು ತುಂಬೋ ಜಾಗ, ಮಾಡಿನ ಅಡಿ, ಅಲ್ಲಿ ಮೆಲ್ಲಗೆ ಬೆಳಕಿತ್ತು. ನಿಜವಾದ ಕಪ್ಪು ಇದ್ದಿದ್ದು ಕಂಬ ಮತ್ತೆ ತೊಲೆ ಸೇರೋ ಮೂಲೇಲಿ ಮಾತ್ರ, ಬೆರಳಗಲ. ಮತ್ತೆ ಆ ಐಮರ, ಜಗಲೀಲಿ ಕೂರೋಕೆ ಹಾಕಿರೋ ಮರದ ಹಲಗೆ. ತಲೆಮಾರುಗಳು ಕೂತು ಕೂತು ಮೇಲ್ಮೈ ಕನ್ನಡಿ ಆಗಿಬಿಟ್ಟಿದೆ. ಇಡೀ ಮನೇಲಿ ಎಲ್ಲಕ್ಕಿಂತ ಹೆಚ್ಚು ಹೊಳೀತಾ ಇದ್ದಿದ್ದು ಆ ಹಲಗೆಯ ಮೇಲಿನ ಒಂದು ಉದ್ದ ಪಟ್ಟಿ, ಅದೂ ಪೂರ್ತಿ ಅಲ್ಲ, ಜನ ಕೂರೋ ಎರಡು ಜಾಗದಲ್ಲಿ ಜಾಸ್ತಿ, ಮಧ್ಯೆ ಮಂಕು. ಅಜ್ಜಿ ಕಾಫಿ ತಂದುಕೊಟ್ಟು "ಎಂಥ ಅಷ್ಟೊಂದು ನೋಡ್ತಾ ಇದ್ದಿ?" ಅಂದ್ರು. ಇಲ್ಲಿ ಯಾರು ಕೂರೋದು ಅಂತ ಕೇಳ್ದೆ. ಬಲಗಡೆ ಅವರ ಯಜಮಾನರು ಕೂರ್ತಿದ್ರಂತೆ.

ವಾಪಸ್ ಬಂದು ಆ ಚಿತ್ರಕ್ಕೆ ನಾನು ಗೆರೆ ಹಾಕ್ಲೇ ಇಲ್ಲ. ಮೂರೇ ಮೂರು ಬೂದು ಬಣ್ಣ ತಗೊಂಡು, ಕತ್ತಲೆ, ನಡುವಿನದು, ಬೆಳಕು, ಅಷ್ಟರಲ್ಲೇ ಇಡೀ ಮನೆ ಕೂರಿಸಿದೆ. ಅಂಗೈಯಷ್ಟು ಗಾತ್ರಕ್ಕೆ ಝೂಮ್ ಔಟ್ ಮಾಡಿ ನೋಡಿದ್ರೂ ಅದು ಆ ಮನೆ ಅಂತ ಗೊತ್ತಾಗ್ತಿತ್ತು. ಬಣ್ಣ, ಹೆಂಚಿನ ಸಾಲು, ಬಾಗಿಲ ಕೆತ್ತನೆ ಎಲ್ಲ ಆಮೇಲೆ. ಯಾರಾದ್ರೂ ಕಲಿಯೋರು ಯಾವ ಬ್ರಷ್ ಅಣ್ಣ, ಯಾವ ಬ್ರಷ್ ಅಕ್ಕ ಅಂತ ಕೇಳಿದ್ರೆ ನಾನು ಇದನ್ನೇ ಹೇಳೋದು, ಯಾವ ಬ್ರಷ್ ಆದ್ರೂ ಪರವಾಗಿಲ್ಲ, ಮೂರು ಬೂದು ಇಟ್ಕೊಂಡು ಶುರು ಮಾಡಿ. ಕಣ್ಣು ಅರ್ಧ ಮುಚ್ಚಿ ನೋಡಿದ್ರೆ ಸಣ್ಣಪುಟ್ಟ ವಿವರ ಮಾಯ ಆಗಿ ಈ ಮೂರು ತಾನಾಗೇ ಕಾಣತ್ತೆ. ಬಣ್ಣ ಹಾಕಿದ ಮೇಲೂ ಒಂದು ಪರೀಕ್ಷೆ ಇದೆ, ಎಲ್ಲಕ್ಕಿಂತ ಮೇಲೆ ಒಂದು ಹೊಸ ಲೇಯರ್ (ಚಿತ್ರದ ಮೇಲೆ ಹಾಸೋ ಪಾರದರ್ಶಕ ಹಾಳೆ ಥರದ್ದು) ತೆಗೆದು ಪೂರ್ತಿ ಬೂದು ತುಂಬಿ ಅದರ ಬ್ಲೆಂಡ್ ಮೋಡ್, ಅಂದ್ರೆ ಕೆಳಗಿನ ಚಿತ್ರದ ಜೊತೆ ಬೆರೆಯೋ ರೀತಿ, ಕಲರ್ ಅಂತ ಮಾಡಿ, ಕೆಳಗಿನ ಚಿತ್ರ ಕಪ್ಪು ಬಿಳುಪಲ್ಲಿ ಕಾಣತ್ತೆ. ಕಾಫಿ ಗಿಡದ ಹಸಿರು, ಅದರ ಮೇಲಿನ ಕೆಂಪು ಹಣ್ಣು ಬಣ್ಣದಲ್ಲಿ ಎಷ್ಟು ಬೇರೆ ಬೇರೆ ಕಂಡ್ರೂ ಈ ಪರೀಕ್ಷೇಲಿ ಎರಡೂ ಒಂದೇ ಬೂದು ಆಗಿ ಅಂಟ್ಕೊಂಡಿರತ್ತೆ ಎಷ್ಟೋ ಸಲ. ಆವಾಗ ಹಣ್ಣಿನ ಹಿಂದಿನ ಎಲೆಯನ್ನ ಒಂದು ಮೆಟ್ಟಿಲು ಕತ್ತಲೆ ಮಾಡಿದ್ರೆ ಹಣ್ಣು ಎದ್ದು ನಿಲ್ಲತ್ತೆ, ಕೆಂಪನ್ನ ಇನ್ನೂ ಕೆಂಪು ಮಾಡ್ತಾ ಕೂತ್ರೆ ಏನೂ ಆಗಲ್ಲ.

(ಸಾಫ್ಟ್‌ವೇರ್ ಯಾವುದು ಅಂತ ಕೇಳೋರಿಗೆ ಒಂದೇ ಉಸಿರಲ್ಲಿ ಹೇಳ್ತೀನಿ. ಐಪ್ಯಾಡ್ ಇದ್ರೆ ಪ್ರೊಕ್ರಿಯೇಟ್, ಒಂದೇ ಸಲ ದುಡ್ಡು ಕೊಟ್ರೆ ಸಾಕು. ಕಂಪ್ಯೂಟರ್ ಇದ್ರೆ ಕ್ರಿತಾ, ಅದು ಪೂರ್ತಿ ಉಚಿತ. ಬರೀ ಆಂಡ್ರಾಯ್ಡ್ ಫೋನಿದ್ರೆ ಐಬಿಸ್ ಪೇಂಟ್. ಪರದೆ ಇಲ್ಲದ ಪೆನ್ ಟ್ಯಾಬ್ಲೆಟ್ಟೇ ಶುರುಗೆ ಸಾಕು, ಕೈ ಒಂದು ಕಡೆ ಕಣ್ಣು ಒಂದು ಕಡೆ ಇರೋದು ಮೊದಲ ವಾರ ಹಿಂಸೆ, ಆಮೇಲೆ ಮರೆತುಹೋಗತ್ತೆ. ಬಾಕ್ಸ್ ಮೇಲೆ 8192 ಪ್ರೆಶರ್ ಲೆವೆಲ್ (ಪೆನ್ ಎಷ್ಟು ಒತ್ತಿದ್ವಿ ಅಂತ ಅಳೆಯೋ ಮಟ್ಟಗಳು) ಅಂತ ಬರೆದಿರೋದನ್ನ ನೋಡಿ ದುಡ್ಡು ಜಾಸ್ತಿ ಕೊಡಬೇಡಿ. ನಮ್ಮೂರಲ್ಲಿ ಅದಕ್ಕಿಂತ ಮುಖ್ಯ ಇನ್‌ವರ್ಟರ್, ಜುಲೈಲಿ ಕರೆಂಟ್ ಹೋದ್ರೆ ಯಾವಾಗ ಬರತ್ತೆ ಅಂತ ಲೈನ್‌ಮನ್ನಿಗೂ ಗೊತ್ತಿರಲ್ಲ.)

ಮರದಡಿ ಬಿಸಿಲು

ನಮ್ಮ ಕಡೆ ಚಿತ್ರ ಬರೆಯೋರಿಗೆ ಎಲ್ಲೂ ಇಲ್ಲದ ಒಂದು ತಾಪತ್ರಯ ಇದೆ, ಕಾಫಿ ತೋಟ. ಹೊರಗೆ ನಿಂತು ಯಾರ ಫೋಟೋ ತೆಗೆದ್ರೂ ಹಿಂದೆ ತೋಟ, ಮೇಲೆ ಮರ, ಮೈಮೇಲೆಲ್ಲ ಬಿಸಿಲ ಚುಕ್ಕೆ. ಇದನ್ನ ಬರೆಯೋಕೆ ಹೊರಟವರು ಮಾಡೋದು ಒಂದೇ, ನೆಟ್ಟಲ್ಲಿ ಸಿಗೋ ಎಲೆ ಆಕಾರದ ಬ್ರಷ್ ತಗೊಂಡು ಕಡು ನೆರಳನ್ನ ಚೆಲ್ಲಿಬಿಡೋದು. ನೋಡೋಕೆ ಬಟ್ಟೆ ಮೇಲಿನ ಪ್ರಿಂಟ್ ಥರ ಇರತ್ತೆ.

ಬಿಸಿಲ ಚುಕ್ಕೆ ಎಂಥದ್ದು ಅಂತ ನಂಗೆ ಅರ್ಥ ಆಗಿದ್ದು 2019ರ ಡಿಸೆಂಬರ್ 26ಕ್ಕೆ. ಕಂಕಣ ಸೂರ್ಯಗ್ರಹಣದ ದಿನ. ಕುಟ್ಟದ ಕಾಯಿಮಾನಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ರು, ನಾವು ಆ ಗಲಾಟೆಗೆ ಹೋಗದೆ ಅಲ್ಲೇ ಹತ್ತಿರ ಸಂಬಂಧಿಕರ ತೋಟದಲ್ಲಿದ್ವಿ. ಗ್ರಹಣದ ಕನ್ನಡಕ ಒಂದೇ ಇದ್ದಿದ್ದು, ಮಕ್ಕಳು ಅದಕ್ಕೆ ಕಿತ್ತಾಡ್ತಾ ಇದ್ವು. ಒಂಬತ್ತು ಗಂಟೆ ದಾಟಿರಬೇಕು, ನನ್ನ ಸರದಿ ಬರಲ್ಲ ಅಂತ ಗೊತ್ತಾಗಿ ಸುಮ್ನೆ ನೆಲ ನೋಡ್ತಾ ನಿಂತಿದ್ದೆ. ತರಗೆಲೆ ಮೇಲೆ ಬಿದ್ದ ಬಿಸಿಲ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ವು, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ. ನೋಡ್ತಾ ನೋಡ್ತಾ ಒಂಬತ್ತೂವರೆ ಹತ್ತಿರ ಅವು ಪೂರ್ತಿ ಉಂಗುರ ಆದ್ವು. ದಾರಿ ತುಂಬ, ಗಿಡದ ಎಲೆ ಮೇಲೆ, ಅತ್ತೆಯ ಬೆನ್ನ ಮೇಲೆ, ಅಂಗಿ ಮೇಲೆ, ಒಂದರ ಮೇಲೊಂದು ಬಿದ್ದ ನೂರಾರು ಉಂಗುರ. ಕೆಲವು ಸಣ್ಣವು, ಚೂಪಾಗಿದ್ವು, ಕೆಲವು ದೊಡ್ಡವು, ಅಂಚು ಕಲಸಿಹೋದವು. ಎರಡು ಮೂರು ನಿಮಿಷ ಇದ್ದು ಮತ್ತೆ ಕುಡುಗೋಲಾದ್ವು, ಈ ಸಲ ತಿರುವು ಮುರುವಾಗಿ.

ಎಲೆ ಸಂದುಗಳು ಒಂದೊಂದೂ ಪಿನ್‌ಹೋಲ್ ಕ್ಯಾಮೆರಾ ಥರ, ಅಂದ್ರೆ ಲೆನ್ಸಿಲ್ಲದೆ ಸಣ್ಣ ತೂತಿಂದಲೇ ಚಿತ್ರ ಬೀಳಿಸೋ ಪೆಟ್ಟಿಗೆ ಥರ, ಕೆಲಸ ಮಾಡ್ತವೆ. ನೆಲದ ಮೇಲೆ ಬೀಳೋದು ಸಂದಿನ ಆಕಾರ ಅಲ್ಲ, ಸೂರ್ಯನ ಚಿತ್ರ. ಮಾಮೂಲಿ ದಿನ ಸೂರ್ಯ ದುಂಡಗಿರೋದ್ರಿಂದ ಚುಕ್ಕೆಯೂ ದುಂಡಗೆ, ಬಿಸಿಲು ಓರೆಯಾದ್ರೆ ಮೊಟ್ಟೆಯಾಕಾರ. ಅಗಲ ಎಷ್ಟಿರತ್ತೆ ಅಂದ್ರೆ ಸಂದು ಎಷ್ಟು ಎತ್ತರದಲ್ಲಿದೆಯೋ ಅದರ ನೂರರಲ್ಲೊಂದು ಪಾಲಿನ ಹತ್ತಿರ. 10 ಮೀಟರ್ ಮೇಲಿನ ಸಂದಿಂದ ಬಂದ ಚುಕ್ಕೆ ಸುಮಾರು 9 ಸೆಂಟಿಮೀಟರ್, 20 ಮೀಟರ್ ಎತ್ತರದ ಸಿಲ್ವರ್ ಓಕ್ ತುದಿಯಿಂದ ಬಂದಿದ್ದು ಅದರ ಎರಡರಷ್ಟು, ಅಂಚೂ ಅಷ್ಟೇ ಮೆತ್ತಗೆ. ಅದೇ ಕಾಫಿ ಗಿಡದ್ದೇ ಎಲೆ, ನೆಲಕ್ಕೆ ಮೊಳ ದೂರದಲ್ಲಿರೋದು, ಅದರ ನೆರಳಿಗೆ ಮಾತ್ರ ಎಲೆಯ ಆಕಾರ ಚೂಪಾಗಿ ಉಳಿದಿರತ್ತೆ. ಇಷ್ಟು ಗೊತ್ತಾದ್ರೆ ಬರೆಯೋದು ಸಲೀಸು. ಮೊದ್ಲು ಇಡೀ ಮನುಷ್ಯನನ್ನ ನೆರಳಲ್ಲಿ ಬರೆದು ಮುಗಿಸಿ. ಆಮೇಲೆ ಮೇಲೊಂದು ಲೇಯರಲ್ಲಿ ಮೆತ್ತಗಿನ ಅಂಚಿನ ದುಂಡು ಬ್ರಷ್ಷಲ್ಲಿ ಬೆಳಕನ್ನ ಇಡಿ, ಒಂದರ ಮೇಲೊಂದು ಹತ್ತಿಸಿ, ಎರಡು ಸೇರಿದ ಕಡೆ ಇನ್ನೂ ಬೆಳಕು. ಮೂಗು, ಭುಜ, ಎಲ್ಲಿ ಮೈ ತಿರುಗತ್ತೋ ಅಲ್ಲಿ ಚುಕ್ಕೆಯೂ ಬಗ್ಗಬೇಕು. ಮುಖದ ಮೇಲೆ ಒಂದೋ ಎರಡೋ ಸಾಕು, ಕಣ್ಣಿನ ಮೇಲೆ ಬೇಡವೇ ಬೇಡ, ಬಿದ್ದಿದ್ದು ನಿಜವೇ ಆದ್ರೂ ಬರೆಸಿದವರು ಕಲೆ ಅಂದ್ಕೋತಾರೆ.

ತೋಟದ ನೆರಳಿನ ಇನ್ನೊಂದು ವಿಷಯ ಬಣ್ಣ. ಪಾಠದ ವಿಡಿಯೋಗಳಲ್ಲಿ ಎಲ್ಲರೂ ಹೇಳ್ತಾರೆ, ನೆರಳಿಗೆ ಮಲ್ಟಿಪ್ಲೈ ಲೇಯರ್ (ಕೆಳಗಿನ ಬಣ್ಣವನ್ನ ಕಡು ಮಾಡೋದು) ಇಟ್ಟು ನೀಲಿ ನೇರಳೆ ತುಂಬಿ ಅಂತ. ತೆರೆದ ಬಯಲಲ್ಲಿ, ಮೇಲೆ ನೀಲಿ ಆಕಾಶ ಇದ್ದಾಗ ಅದು ಸರಿ, ಯಾಕಂದ್ರೆ ಬಿಸಿಲು ತಾಗದ ಜಾಗಕ್ಕೆ ಬೆಳಕು ಬರೋದು ಆಕಾಶದಿಂದ. ಕಾಫಿ ತೋಟದ ಒಳಗೆ ಆಕಾಶ ಎಲ್ಲಿದೆ? ಬೆಳಕು ಎಲೆ ಸೋಸಿಕೊಂಡು, ಎಲೆಗೆ ತಾಗಿ ಚೆಲ್ಲಿಕೊಂಡು ಬರತ್ತೆ, ನೆರಳು ಹಸಿರು ಹಳದಿ. ಅದನ್ನ ಹಾಗೇ ಮುಖಕ್ಕೆ ಹಾಕಿದ್ರೆ ಕಾಮಾಲೆ ಬಂದಹಾಗೆ ಕಾಣತ್ತೆ, ಹಾಗಾಗಿ ಗದ್ದದ ಅಡಿ, ಕತ್ತಿನ ಪಕ್ಕ ಸ್ವಲ್ಪ ಹಸಿರು ಬಿಟ್ಟು ಕೆನ್ನೆ ಕಡೆ ಬಿಸಿ ಬಣ್ಣನೇ ಇಟ್ಕೊಳ್ಳೋದು ಒಳ್ಳೇದು. ಇನ್ನು ಮಳೆಗಾಲದ ಮೋಡದ ಬೆಳಕಲ್ಲಿ ನೀಲಿಯೂ ಇಲ್ಲ ಹಸಿರೂ ಇಲ್ಲ, ಚೂಪು ನೆರಳೇ ಇಲ್ಲ. ಎಲ್ಲ ಕಡೆಯಿಂದ ಸಮವಾಗಿ ಬರೋ ಬೆಳಕಲ್ಲಿ ಕತ್ತಲೆ ಉಳಿಯೋದು ಎರಡು ವಸ್ತು ಮುಟ್ಟಿಕೊಳ್ಳೋ ಸಂದಲ್ಲಿ ಮಾತ್ರ, ಕಾಲರಿನ ಒಳಗೆ, ಕಂಕುಳಲ್ಲಿ, ಚಪ್ಪಲಿಯ ಅಡಿ. ಆ ಸಂದುಗಳನ್ನ ಸರಿಯಾಗಿ ಕಪ್ಪು ಮಾಡಿ ಉಳಿದಿದ್ದನ್ನ ಬಿಟ್ಟುಬಿಟ್ರೆ ಮುಗೀತು. ಹೊಸಬರು ಉಲ್ಟಾ ಮಾಡ್ತಾರೆ, ಪ್ರತಿ ಆಕಾರದ ಅಂಚಿಗೆ ಸುತ್ತ ಏರ್‌ಬ್ರಷ್ಷಲ್ಲಿ ಕಪ್ಪು ಉಜ್ಜಿ ಮಧ್ಯ ಬೆಳ್ಳಗೆ ಬಿಡ್ತಾರೆ, ಮೂಗು ಕೆನ್ನೆ ಎಲ್ಲ ಊದಿಕೊಂಡಿರತ್ತೆ. ಬೆಳಕು ಯಾವ ಕಡೆಯಿಂದ ಅಂತ ಆ ಚಿತ್ರ ಬರೆದವರಿಗೇ ಕೇಳಿ, ಹೇಳೋಕೆ ಬರಲ್ಲ.

ಕುಪ್ಯದ ಕಪ್ಪು

ಕೊಡವರ ಮದುವೆ ಚಿತ್ರ ಬರೆಯೋರಿಗೆ ಕಪ್ಪು ಕುಪ್ಯ, ಅಂದ್ರೆ ಗಂಡಸರು ತೊಡೋ ಉದ್ದ ನಿಲುವಂಗಿ, ಒಂದು ದೊಡ್ಡ ಪರೀಕ್ಷೆ. ಕಪ್ಪು ಬಟ್ಟೆ ಅಂತ ಬಣ್ಣದ ಪೆಟ್ಟಿಗೆಯ ಕೆಳಗಿನ ಮೂಲೆಗೆ ಹೋಗಿ ಅಪ್ಪಟ ಕಪ್ಪು ಎತ್ಕೊಂಡು ಬಂದ್ರೆ ಮುಗೀತು, ಮಡಿಕೆಗೆ, ತೋಳಿನ ಕೆಳಗಿನ ನೆರಳಿಗೆ ಇನ್ನೂ ಕಪ್ಪು ಎಲ್ಲಿಂದ ತರ್ತೀರಿ? ನಾನು ಕುಪ್ಯವನ್ನ ಕಡು ಬೂದಿಂದ ಶುರು ಮಾಡ್ತೀನಿ, ಹೊರಗಿನ ಬೆಳಕಾದ್ರೆ ಚೂರು ನೀಲಿ ಕಡೆಗೆ, ಬಲ್ಬಿನ ಬೆಳಕಾದ್ರೆ ಚೂರು ಕಂದು ಕಡೆಗೆ. ಅಪ್ಪಟ ಕಪ್ಪನ್ನ ಚೇಲೆ (ಸೊಂಟಕ್ಕೆ ಸುತ್ತೋ ಕೆಂಪು ವಸ್ತ್ರ) ಬಿಗಿದ ಜಾಗದ ಮಡಿಕೆಗೆ ಉಳಿಸ್ಕೋತೀನಿ. ಚೇಲೆ ರೇಷ್ಮೆ, ಕುಪ್ಯ ಮಂಕು ಬಟ್ಟೆ, ಇವೆರಡರ ಹೊಳಪು ಬೇರೆ ಬೇರೆ ಇರಬೇಕು. ಕುಪ್ಯದಲ್ಲಿ ಬೆಳಕಿಂದ ಕತ್ತಲೆಗೆ ಉದ್ದಕ್ಕೆ ನಿಧಾನ ಇಳಿಯತ್ತೆ, ರೇಷ್ಮೇಲಿ ಕೆಂಪು ಇದ್ದಕ್ಕಿದ್ದಹಾಗೆ ಬಿಳಿಗೆ ಹಾರಿ ಮತ್ತೆ ಕೆಂಪಿಗೆ ಬೀಳತ್ತೆ. ಸೊಂಟಕ್ಕೆ ಸಿಕ್ಕಿಸೋ ಪೀಚೆಕತ್ತಿಯ ಬೆಳ್ಳಿಗೆ ಬೂದು ಬಣ್ಣ ಹಾಕೋರನ್ನ ನೋಡಿದೀನಿ, ಅದು ಅಲ್ಯೂಮಿನಿಯಂ ಆಗತ್ತೆ. ಬೆಳ್ಳಿ ಅನ್ನಿಸಬೇಕಾದ್ರೆ ಅಪ್ಪಟ ಬಿಳಿ ಮತ್ತೆ ಕಡುಗಪ್ಪು ಅಕ್ಕಪಕ್ಕ ಬರಬೇಕು, ಮಧ್ಯೆ ಎಲ್ಲೋ ಚೇಲೆಯ ಕೆಂಪು ಒಂದು ಎಳೆ ಪ್ರತಿಫಲಿಸಬೇಕು. ಆ ಒಂದು ಎಳೆಗೆ ಅರ್ಧ ನಿಮಿಷ ಸಾಕು. ಅದನ್ನ ಎಲ್ಲಿ ಇಡಬೇಕು ಅಂತ ಕಣ್ಣಿಗೆ ಗೊತ್ತಾಗೋಕೆ ವರ್ಷಗಳು ಬೇಕು, ರೇಟ್ ಕಾರ್ಡಲ್ಲಿ ಆ ವರ್ಷಗಳಿಗೆ ಸಾಲೇ ಇಲ್ಲ.

ಓಟಿ ಲೆಕ್ಕ

ನನ್ನ ಚಿಕ್ಕಪ್ಪ ಬೆಳೆಗಾರ. ಕಣದಲ್ಲಿ ರೊಬಸ್ಟಾ ಒಣಗೋಕೆ ಹಾಕಿ, ಕುರ್ಚಿ ಹಾಕ್ಕೊಂಡು ಕೂತು ದಿನಾ ಬೆಳಗ್ಗೆ ಫೋನಲ್ಲಿ ರೇಟ್ ನೋಡ್ತಾರೆ. ನಾನು ಯಾವುದೋ ಬಿಲ್ ಮಾಡ್ತಾ ಕೂತಿದ್ದಾಗ ಬಗ್ಗಿ ನೋಡಿ "ಇದಕ್ಕೆ ಇಷ್ಟಾ?" ಅಂದ್ರು. ಜಾಸ್ತಿ ಆಯ್ತಾ ಅಂತ ಕೇಳ್ದೆ. "ಜಾಸ್ತಿಯೋ ಕಮ್ಮಿಯೋ ನಂಗೇನು ಗೊತ್ತು? ನಮ್ಮ ರೊಬಸ್ಟಾಗೆ ಲಂಡನ್‌ನವರು ರೇಟ್ ಹೇಳ್ತಾರೆ, ಅರೇಬಿಕಾಗೆ ನ್ಯೂಯಾರ್ಕಿನವರು ಹೇಳ್ತಾರೆ. ನಿಂಗೆ ಹೇಳೋರು ಯಾರು?" ಯಾರೂ ಇಲ್ಲ ಅಂದೆ. "ಹಾಗಾದ್ರೆ ನಿನ್ನ ಓಟಿ ಎಷ್ಟು, ಅದಾದ್ರೂ ಗೊತ್ತಾ?" ಅಂದ್ರು.

ಕಾಫಿ ಗೊತ್ತಿಲ್ಲದವರಿಗೆ, ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಮಾರೋವಾಗ 50 ಕೆಜಿ ಚೀಲಕ್ಕೆ ಒಂದೇ ರೇಟ್ ಕೊಡಲ್ಲ. ಆ ಚೀಲ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಕೊಡತ್ತೆ ಅಂತ ಸ್ಯಾಂಪಲ್ ಹಾಕಿ ನೋಡಿ, 26 ಬಂದ್ರೆ ಅದಕ್ಕೆ, 28 ಬಂದ್ರೆ ಅದಕ್ಕೆ ತಕ್ಕಹಾಗೆ ದುಡ್ಡು. ಆ ಲೆಕ್ಕವೇ ಓಟಿ, ಔಟ್‌ಟರ್ನ್. ಚಿಕ್ಕಪ್ಪ ತಮಾಷೆಗೆ ಕೇಳಿದ್ದು, ಆದ್ರೆ ನಾನು ನೋಡಿರೋ ಬೆಲೆ ಕಟ್ಟೋ ಪಾಠಗಳಲ್ಲೆಲ್ಲ ಇದಕ್ಕಿಂತ ಚೆನ್ನಾಗಿ ಯಾರೂ ಕೇಳಿಲ್ಲ. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ, ಒಟ್ಟು 200 ಗಂಟೆ ಕೂರ್ತೀವಿ ಅಂದ್ಕೊಳ್ಳಿ. ಅದರಲ್ಲಿ ಬಿಲ್ಲಿಗೆ ಬರೋ ಗಂಟೆ ಎಷ್ಟು? ಫೋಟೋ ಸರಿ ಇಲ್ಲ ಬೇರೆ ಕಳಿಸಿ ಅನ್ನೋದು, ಕಾಯೋದು, ಚೌಕಾಸಿ, ಪ್ರಿಂಟಿನವರ ಹತ್ರ ಮಾತು, ಕಲಿಯೋಕೆ ಬರೆದು ಅಳಿಸೋದು, ಕರೆಂಟ್ ಇಲ್ಲದ ಮಧ್ಯಾಹ್ನ, ಇದೆಲ್ಲ ಸಿಪ್ಪೆ. ಉಳಿಯೋದು 80 ಗಂಟೆ ಅಂತ ಇಟ್ಕೊಳ್ಳೋಣ. ನಿಮಗೆ ತಿಂಗಳಿಗೆ 30,000 ಬೇಕು, ಇಂಟರ್‌ನೆಟ್ಟು, ಸಾಫ್ಟ್‌ವೇರು, ಎರಡು ಮೂರು ವರ್ಷಕ್ಕೆ ಬದಲಾಯಿಸಬೇಕಾದ ಟ್ಯಾಬ್ಲೆಟ್ಟಿನ ತಿಂಗಳ ಪಾಲು ಎಲ್ಲ ಸೇರಿ 4,000 ಖರ್ಚು ಅಂದ್ರೆ 34,000ವನ್ನ 80ರಿಂದ ಭಾಗಿಸಬೇಕು, ಗಂಟೆಗೆ 425. ಜನ ಮಾಡೋದು 30,000ವನ್ನ 200ರಿಂದ ಭಾಗಿಸೋದು, 150 ಬರತ್ತೆ, ಆಮೇಲೆ ವರ್ಷದ ಕೊನೇಲಿ ಕೈಯಲ್ಲಿ ಯಾಕೆ ದುಡ್ಡಿಲ್ಲ ಅಂತ ಯೋಚನೆ ಮಾಡೋದು.

ಈ 425 ಗಿರಾಕಿಗೆ ಹೇಳೋ ರೇಟ್ ಅಲ್ಲ, ನಿಮಗೆ ನೀವೇ ಹಾಕ್ಕೊಂಡ ನೆಲ, ಅದಕ್ಕಿಂತ ಕೆಳಗೆ ಹೋಗಬಾರದು ಅಷ್ಟೇ. ಗಂಟೆ ಲೆಕ್ಕ ಗಿರಾಕಿಗೆ ಹೇಳಿದ್ರೆ ಕೈ ಚುರುಕಾದಷ್ಟೂ ಸಂಬಳ ಕಮ್ಮಿ ಆಗತ್ತೆ, ಇದ್ಯಾವ ನ್ಯಾಯ. ಮೊದ್ಲು ಎರಡು ದಿನ ಹಿಡೀತಿದ್ದ ಮುಖವನ್ನ ಈಗ ಒಂದು ಬೆಳಗ್ಗೇಲಿ ಮುಗಿಸ್ತೀನಿ ಅಂದ್ರೆ ಅದರ ಲಾಭ ನಂಗೆ ಸೇರಬೇಕು. ಹಾಗಾಗಿ ನಾನು ಇಡೀ ಕೆಲಸಕ್ಕೆ ಒಂದು ಮೊತ್ತ ಹೇಳ್ತೀನಿ, ಒಳಗೊಳಗೆ ನೆಲದ ಲೆಕ್ಕ ನೋಡ್ಕೊಂಡು. ಆ ಮೊತ್ತ ಏರೋದು ಇಳಿಯೋದು ಎಷ್ಟು ಜನ ಇದ್ದಾರೆ, ಕೊಟ್ಟ ಫೋಟೋ ಹೇಗಿದೆ, ಹೋಗಿ ನೋಡಬೇಕಾ, ಎಷ್ಟು ಬೇಗ ಬೇಕು ಅನ್ನೋದ್ರ ಮೇಲೆ. ಮಸುಕಾದ ಪಾಸ್‌ಪೋರ್ಟ್ ಫೋಟೋದಿಂದ ಅಜ್ಜನ್ನ ಎತ್ತಿ ಕೂರಿಸೋದು ಕಷ್ಟ, ಒಳ್ಳೆ ಕ್ಯಾಮೆರಾದ ಫೋಟೋ ಇದ್ರೆ ಸಲೀಸು, ಶೇಡಿಂಗ್ ಎರಡರಲ್ಲೂ ಇರತ್ತೆ. ಅರ್ಧ ದುಡ್ಡು ರಫ್ ಒಪ್ಪಿದ ಕೂಡ್ಲೇ ಯುಪಿಐಲಿ, ಉಳಿದಿದ್ದು ಫೈಲ್ ಕೊಡೋ ಮುಂಚೆ. ಬದಲಾವಣೆ ಎರಡು ಸಲ ಉಚಿತ, ಮೂರನೇದಕ್ಕೆ ದುಡ್ಡು, ಮತ್ತೆ ಎಲ್ಲ ಬದಲಾವಣೆ ಬೂದು ಹಂತದಲ್ಲೇ ಹೇಳಬೇಕು ಅಂತ ಮೊದ್ಲೇ ಬರೆದು ಕಳಿಸ್ತೀನಿ. ಆ ಮೂರು ಬೂದಿನ ರಫ್ ನಂಗೆ ಎಷ್ಟು ಉಪಕಾರವೋ ಅವರಿಗೂ ಅಷ್ಟೇ, ಬಣ್ಣ ಇಲ್ಲದಿದ್ರೂ ಅಜ್ಜನ ಗುರುತು ಸಿಗ್ತಾ ಇದ್ಯಾ ಅಂತ ಆವಾಗ್ಲೇ ಗೊತ್ತಾಗತ್ತೆ.

ಚಿತ್ರ ಆಮೇಲೆ ಎಲ್ಲಿಗೆ ಹೋಗತ್ತೆ

ನನ್ನ ಪ್ರಕಾರ ಬೆಲೆಯ ದೊಡ್ಡ ಪಾಲು ನಿಂತಿರೋದು ಇಲ್ಲಿ, ಇದನ್ನ ನಮ್ಮಲ್ಲಿ ಯಾರೂ ಕೇಳೋದೇ ಇಲ್ಲ. ಅದೇ ಐನ್‌ಮನೆ ಚಿತ್ರ, ಅಮ್ಮನ ಕೋಣೆ ಗೋಡೆಗೆ ಹೋದ್ರೆ ಒಂದು ಬೆಲೆ. ಹೋಂಸ್ಟೇ ಬೋರ್ಡಿಗೆ, ಬುಕಿಂಗ್ ಪೇಜಿಗೆ, ಕಾಫಿ ಪುಡಿ ಪ್ಯಾಕೆಟ್ಟಿಗೆ ಹೋದ್ರೆ ಇನ್ನೊಂದು ಬೆಲೆ, ಯಾಕಂದ್ರೆ ಅಲ್ಲಿ ಆ ಚಿತ್ರ ದಿನಾ ದುಡೀತಾ ಇರತ್ತೆ. ನಂಗೆ ಗೊತ್ತಿರೋ ಒಬ್ಬರಿಗೆ ಹೀಗೇ ಆಯ್ತು, ಉಡುಗೊರೆಗೆ ಅಂತ ಬರೆಸಿದ ಚಿತ್ರ ಮುಂದಿನ ವರ್ಷ ಮಸಾಲೆ ಪ್ಯಾಕೆಟ್ ಮೇಲೆ ಕಂಡಿದ್ದು, ಕೆಳಗೆ ಹೆಸರೂ ಇಲ್ಲ. ಕೇಳಿದ್ದಕ್ಕೆ "ದುಡ್ಡು ಕೊಟ್ಟಿದ್ವಲ್ಲ" ಅಂದ್ರಂತೆ. ಬೇಜಾರಿನ ವಿಷಯ ಏನಂದ್ರೆ ಕಾನೂನು ಕೂಡ ಸುಮಾರಾಗಿ ಅವರ ಕಡೆಗೇ ವಾಲತ್ತೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಾಮೂಲಿಗೆ ಹಕ್ಕು ಬರೆದವರದ್ದೇ, ಆದ್ರೆ ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್, ಭಾವಚಿತ್ರ, ತೆಗೆಸಿದ ಫೋಟೋ ಇಂಥವಕ್ಕೆ, ಬೇರೆ ಒಪ್ಪಂದ ಏನೂ ಆಗದೇ ಇದ್ರೆ, ಮೊದಲ ಹಕ್ಕುದಾರರು ಬರೆಸಿದವರು. ಬೇರೆ ಒಪ್ಪಂದ ಆಗದೇ ಇದ್ರೆ ಅನ್ನೋ ಆ ಸಣ್ಣ ತುಂಡಲ್ಲೇ ನಮ್ಮ ಜೀವನ ಇರೋದು. ಚಿತ್ರ ಇಂಥ ಬಳಕೆಗೆ ಮಾತ್ರ, ಹಕ್ಕು ಬರೆದವರ ಹತ್ರವೇ ಉಳಿಯತ್ತೆ ಅಂತ ಎರಡು ಸಾಲು ಬರೆದು, ಕೆಲಸ ಶುರು ಮಾಡೋ ಮುಂಚೆ ಸಹಿ ಹಾಕಿಸ್ಕೊಳ್ಳಿ.

ಹಕ್ಕನ್ನ ಬಿಟ್ಟುಕೊಡೋದಾದ್ರೂ ಬಾಯಿಮಾತಲ್ಲಿ ಬಿಡಬೇಡಿ. 19ನೇ ಸೆಕ್ಷನ್ ಪ್ರಕಾರ ಅದು ಬರವಣಿಗೇಲಿ, ಸಹಿ ಸಮೇತ ಇರಬೇಕು, ಎಷ್ಟು ವರ್ಷಕ್ಕೆ ಅಂತ ಬರೆಯದಿದ್ರೆ ಐದು ವರ್ಷ ಅಂತ ಅರ್ಥ, ಎಲ್ಲಿ ಅಂತ ಬರೆಯದಿದ್ರೆ ಭಾರತದೊಳಗೆ ಅಂತ. ಹಕ್ಕು ಹೋದ ಮೇಲೂ 57ನೇ ಸೆಕ್ಷನ್ ಒಂದು ಉಳಿಸ್ಕೊಟ್ಟಿದೆ, ಇದು ನಾನು ಬರೆದಿದ್ದು ಅಂತ ಹೇಳ್ಕೊಳ್ಳೋ ಹಕ್ಕು, ಮತ್ತೆ ನಿಮ್ಮ ಹೆಸರಿಗೆ ಕೆಟ್ಟದಾಗೋ ಹಾಗೆ ಚಿತ್ರವನ್ನ ತಿರುಚಿದ್ರೆ ತಡೆಯೋ ಹಕ್ಕು. ಅದೇ ನ್ಯಾಯ ನಮಗೂ ಅನ್ವಯಿಸತ್ತೆ ಅನ್ನೋದು ಮರೀಬೇಡಿ. ನೆಟ್ಟಲ್ಲಿ ಸಿಕ್ಕ ತಲಕಾವೇರಿಯ ಮಂಜಿನ ಫೋಟೋ ಇಳಿಸ್ಕೊಂಡು ಅದರ ಮೇಲೇ ಗೆರೆ ಎಳೆದು ಮಾರೋರು ಇದ್ದಾರಲ್ಲ, ಆ ಫೋಟೋ ಯಾರೋ ಒಬ್ಬರು ಬೆಳಗ್ಗೆ ಚಳೀಲಿ ನಿಂತು ತೆಗೆದಿದ್ದು.

ಪ್ರಿಂಟಿನ ಬಗ್ಗೆ ಎರಡು ಮಾತು. ಎ3 ಗಾತ್ರಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದ್ರೆ ಕ್ಯಾನ್ವಾಸ್ 3508 ಬೈ 4961 ಪಿಕ್ಸೆಲ್ ಇರಬೇಕು, ಅದನ್ನ ಮೊದಲ ದಿನವೇ ಇಡಬೇಕು, ಸಣ್ಣದರಲ್ಲಿ ಬರೆದು ಕೊನೇಲಿ ಹಿಗ್ಗಿಸಿದ್ರೆ ಅಂಚೆಲ್ಲ ಕಲಸಿಹೋಗತ್ತೆ. ಮತ್ತೆ ಪರದೇಲಿ ಕಾಣೋ ಮಳೆಗಾಲದ ಗದ್ದೆಯ ಆ ಎಳೆ ಹಸಿರು ಪ್ರಿಂಟಲ್ಲಿ ಬರಲ್ಲ, ಪ್ರಿಂಟಿನ ನಾಲ್ಕು ಇಂಕಲ್ಲಿ ಅಷ್ಟು ಕಣ್ಣು ಕುಕ್ಕೋ ಹಸಿರು ಹುಟ್ಟೋದೇ ಇಲ್ಲ, ಮಂಕಾಗತ್ತೆ. ನೆರಳು ಬೆಳಕು ಸರಿ ಇದ್ರೆ ಹಸಿರು ಮಂಕಾದ್ರೂ ಚಿತ್ರ ಸಾಯಲ್ಲ. ನಾನು ಮೈಸೂರಲ್ಲಿ ಪ್ರಿಂಟ್ ಹಾಕಿಸೋದು, ಯಾವಾಗ್ಲೂ ಮೊದ್ಲು ಒಂದು ಸಣ್ಣ ತುಂಡು ಹಾಕಿಸಿ ನೋಡ್ತೀನಿ, ಕತ್ತಲೆ ಭಾಗ ಪರದೆಗಿಂತ ಒಂದು ಮೆಟ್ಟಿಲು ಹೆಚ್ಚು ಕತ್ತಲೆ ಬರತ್ತೆ ಅಂತ ಮೊದ್ಲೇ ಅಂದಾಜಿಟ್ಕೊಂಡು. ಈ ತುಂಡಿನ ಖರ್ಚೂ ಬಿಲ್ಲಲ್ಲಿ ಇರತ್ತೆ.

ಉಳಿದಿದ್ದು ನೆಂಟರು. ಕೊಡಗಲ್ಲಿ ಎಲ್ಲರೂ ಎಲ್ಲರಿಗೂ ಒಂದು ಸುತ್ತು ಹಾಕಿದ್ರೆ ನೆಂಟರೇ, ಇದಕ್ಕೆ ಯಾವ ಪಾಠದಲ್ಲೂ ಉತ್ತರ ಇಲ್ಲ. ನಾನು ಮಾಡ್ಕೊಂಡಿರೋ ಏರ್ಪಾಡು ಇಷ್ಟು. ಸ್ವಂತ ಮನೆಯವರ ಮದುವೆ, ಗೃಹಪ್ರವೇಶ ಆದ್ರೆ ದುಡ್ಡು ಬೇಡ, ಆದ್ರೆ ಬಿಲ್ ಮಾಡೇ ಮಾಡ್ತೀನಿ. ಪೂರ್ತಿ ಮೊತ್ತ ಬರೆದು, ಕೆಳಗೆ ಅಷ್ಟೇ ಮೊತ್ತದ ರಿಯಾಯಿತಿ ಬರೆದು, ಕೊನೇಲಿ ಸೊನ್ನೆ. ಮೊದಲ ಸಲ ಅತ್ತೆಗೆ ಕಳಿಸಿದಾಗ "ಇದೇನೆ ಇದು, ನಂಗೂ ಬಿಲ್ಲಾ?" ಅಂತ ಫೋನ್ ಮಾಡಿ ಬೈದ್ರು, ಆಮೇಲೆ ಆ ಬಿಲ್ಲನ್ನ ಅವರೇ ಮನೆಗೆ ಬಂದವರಿಗೆಲ್ಲ ತೋರಿಸ್ತಿದ್ರಂತೆ, ನನ್ನ ಸೊಸೆ ಇಷ್ಟು ದುಡ್ಡಿನ ಕೆಲಸ ಸುಮ್ನೆ ಮಾಡಿಕೊಟ್ಲು ಅಂತ. ಅದನ್ನ ನೋಡಿ ಕೇಳ್ಕೊಂಡು ಬಂದ ಅವರ ತಂಗಿ ಕಡೆಯ ಇಬ್ಬರು ಚೌಕಾಸಿ ಇಲ್ಲದೆ ಅಡ್ವಾನ್ಸ್ ಹಾಕಿದ್ರು. ದೂರದ ನೆಂಟರಿಗೆ ಹತ್ತು ಪರ್ಸೆಂಟ್ ಬಿಡ್ತೀನಿ. ಪ್ರಿಂಟು, ಫ್ರೇಮು, ಕೊರಿಯರ್ ಮಾತ್ರ ಯಾರೇ ಆಗ್ಲಿ ಅವರವರದ್ದೇ ಖರ್ಚು.